ಶಾಸ್ತ್ರ, ಶಾಸನಸಭೆ ಮತ್ತು ನರಸಿಂಗ ರಾಯರು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಅರಕಲಗೂಡಿನಲ್ಲಿ ಕಂದಾಯ ಇಲಾಖೆಯ ಅಧಿಕಾರಿಯಾಗಿದ್ದಾಗ ವಾರಕ್ಕೆ ಹತ್ತಾರು ವಂಶವೃಕ್ಷಗಳಿಗೆ ರುಜು ಹಾಕುತ್ತಿದ್ದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲೇ ಮುಗಿದಿದ್ದರೂ ನಾಲೆಗಳಿಗೆ ಹೋದ ಜಮೀನಿನ ಪರಿಹಾರದ ಕಡತಗಳು ಇನ್ನೂ ಮುಗಿದಿರಲಿಲ್ಲ. ಪರಿಹಾರ ಕೇಳಬೇಕಾದರೆ ಪಹಣಿಯಲ್ಲಿ ಹೆಸರಿರಬೇಕು. ಖಾತೆದಾರ ತೀರಿಕೊಂಡಿದ್ದರೆ ಪೌತಿ ಖಾತೆಯಾಗಬೇಕು. ಅದಕ್ಕೆ ವಂಶವೃಕ್ಷ ಬೇಕು. ಮುಂದೆ ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಇದೇ ಕೆಲಸ ಮಾಡಿದೆ. ಆ ಕಾಗದಗಳನ್ನು ನಂಬುವುದಾದರೆ ನಮ್ಮ ಸೀಮೆಯಲ್ಲಿ ಮೂರು ತಲೆಮಾರುಗಳಿಂದ ಹೆಣ್ಣುಮಕ್ಕಳೇ ಹುಟ್ಟಿರಲಿಲ್ಲ. ಅಜ್ಜನಿಗೆ ಮೂವರು ಗಂಡುಮಕ್ಕಳು, ಅವರಿಗೆ ಏಳು ಗಂಡುಮಕ್ಕಳು. ಗ್ರಾಮ ಲೆಕ್ಕಿಗನ ಮಹಜರು, ಪಂಚರ ರುಜು ಎಲ್ಲವೂ ಕ್ರಮಬದ್ಧ.

ಹೆಣ್ಣುಮಕ್ಕಳು ಕಾಣಿಸಿಕೊಳ್ಳುತ್ತಿದ್ದುದು ಒಂದೇ ಸಂದರ್ಭದಲ್ಲಿ. ಭೂಮಿ ಹಣವಾಗಿ ಪರಿವರ್ತನೆಗೊಂಡು, ವಕೀಲರು ಮುಂದೆ ತಕರಾರು ಬಾರದಿರಲೆಂದು ಎಚ್ಚರಿಸಿದಾಗ, ಅಣ್ಣನೋ ತಮ್ಮನೋ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ತವರಿನ ಬಾಗಿಲು ತೆರೆದಿರಲಿ ಎಂಬ ಭಾವದಿಂದ ಅವಳು ಅದೇ ಸ್ಕೂಟರಿನಲ್ಲಿ ಹಿಂದಿರುಗುತ್ತಿದ್ದಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಆಸ್ತಿಯ ಹಂಚಿಕೆಯ ಬಗ್ಗೆ ಪುಟಗಟ್ಟಲೆ ಬರೆದು ತೇರ್ಗಡೆಯಾದ ನಾನು ಆ ಹೆಬ್ಬೆಟ್ಟುಗಳನ್ನು ಕಡತ ಮುಗಿಸುವ ಸೌಕರ್ಯವೆಂದೇ ಭಾವಿಸಿದ್ದೆ.

ಈ ನೆನಪನ್ನು ಕೆದಕಿದ್ದು ಬೆನಗಲ್ ನರಸಿಂಗ ರಾಯರ ಜೀವನ. ಬಿ.ಎನ್. ರಾವ್ ಎಂದರೆ ಸಂವಿಧಾನ ಸಭೆಯ ಸಲಹೆಗಾರ, ಮೊದಲ ಕರಡು ಬರೆದವರು ಎಂದು ಓದುಬಲ್ಲವರಿಗೆಲ್ಲ ಗೊತ್ತು. ಆದರೆ ಅದಕ್ಕೆ ಮುನ್ನವೇ ಅವರು ಕೈಹಾಕಿದ್ದ ಇನ್ನೊಂದು ಕೆಲಸ ನಮ್ಮ ತಾಲ್ಲೂಕು ಕಚೇರಿಗಳ ಕಡತಗಳಿಗೆ ಹೆಚ್ಚು ಹತ್ತಿರದ್ದು. ಹಿಂದೂ ಧರ್ಮಶಾಸ್ತ್ರವನ್ನು ಶಾಸನಸಭೆಯ ಮೂಲಕ ಹಾಯಿಸಿ ಪ್ರಜಾಪ್ರಭುತ್ವದ ಕಾನೂನನ್ನಾಗಿ ಮಾಡುವ ಕೆಲಸ ಅದು. ನಿವೃತ್ತಿಯ ನಂತರ ಅವರ ಬಗ್ಗೆ ಸಾವಧಾನವಾಗಿ ಓದಿದೆ.

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ದಕ್ಷಿಣ ಕನ್ನಡದ ಸಾರಸ್ವತ ಕುಟುಂಬದಲ್ಲಿ. ತಂದೆ ರಾಘವೇಂದ್ರ ರಾಯರು ವೈದ್ಯರು. ಸಹೋದರರಲ್ಲಿ ಬೆನಗಲ್ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರಾದರು; ಬಿ. ಶಿವರಾಯರು ಪತ್ರಕರ್ತರಾಗಿ, ಸಂಸತ್ ಸದಸ್ಯರಾಗಿ, ಸಂವಿಧಾನ ರಚನೆಯ ದಾಖಲೆಗಳ ಸಂಪಾದಕರಾಗಿ ಹೆಸರಾದರು. ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಅನಂತರ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು: ಇದು ಅವರ ವಿದ್ಯಾಭ್ಯಾಸದ ಹಾದಿ. ಗಣಿತದ ಜೊತೆಗೆ ಸಂಸ್ಕೃತವನ್ನೂ ಚೆನ್ನಾಗಿ ಓದಿದ್ದರು. ಇವೆರಡೂ ಮುಂದೆ ಒಂದೇ ಮೇಜಿನ ಮೇಲೆ ಬೇಕಾದವು. ಅವರು ಬೆಳೆದ ನೆಲದ ಒಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ತುಳುನಾಡಿನಲ್ಲಿ ಬ್ರಾಹ್ಮಣರ ಆಸ್ತಿ ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಪಕ್ಕದ ಮನೆಯ ಬಂಟರ, ಬಿಲ್ಲವರ ಆಸ್ತಿ ಅಳಿಯಸಂತಾನ ಪದ್ಧತಿಯಂತೆ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಉತ್ತರಾಧಿಕಾರಕ್ಕೆ ದೇವರು ಒಂದೇ ದಾರಿ ಮಾಡಿಟ್ಟಿದ್ದಾನೆಂದು ಅಂಥ ಊರಿನಲ್ಲಿ ಬೆಳೆದವರು ನಂಬುವುದು ಕಷ್ಟ.

1909ರಲ್ಲಿ ಐ.ಸಿ.ಎಸ್. ತೇರ್ಗಡೆಯಾಗಿ ಬಂಗಾಳಕ್ಕೆ ನೇಮಕಗೊಂಡರು. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದರು. ಅನಂತರ ಅಸ್ಸಾಂ ಸರ್ಕಾರದಲ್ಲಿ ಶಾಸನ ಇಲಾಖೆಯ ಹೊಣೆ ಹೊತ್ತರು. 1935ರ ಭಾರತ ಸರ್ಕಾರ ಕಾಯ್ದೆ ಬಂದ ಮೇಲೆ ಅದಕ್ಕೆ ಹೊಂದುವಂತೆ ದೇಶದ ಕಾನೂನುಗಳನ್ನೆಲ್ಲ ಪರಿಷ್ಕರಿಸುವ ಬೃಹತ್ ಕಾರ್ಯದಲ್ಲಿ ತೊಡಗಿದರು. 1938ರಲ್ಲಿ ಸರ್ ಪದವಿ ಬಂತು, ಮರುವರ್ಷ ಕಲ್ಕತ್ತಾ ಹೈಕೋರ್ಟಿನ ನ್ಯಾಯಪೀಠ. ಇಷ್ಟರಲ್ಲೇ ನಿಂತಿದ್ದರೆ ಅವರು ನನ್ನಂಥ ಸರ್ಕಾರಿ ನೌಕರರು ಮಾತ್ರ ನೆನೆಯುವ ಒಬ್ಬ ದಕ್ಷ ಅಧಿಕಾರಿಯಾಗಿ ಉಳಿಯುತ್ತಿದ್ದರು.

1941ರಲ್ಲಿ ಎರಡು ಹಂಚಿಕೆಗಳು ಒಟ್ಟಿಗೇ ಅವರ ಪಾಲಿಗೆ ಬಂದವು. ಒಂದು, ಸಿಂಧೂ ನದಿಯ ನೀರನ್ನು ಪಂಜಾಬಿಗೂ ಸಿಂಧ್ ಪ್ರಾಂತ್ಯಕ್ಕೂ ಹಂಚುವ ಆಯೋಗ. ಮೇಲಿನವನಿಗೆ ಪೂರ್ಣ ಸ್ವಾಮ್ಯವೂ ಇಲ್ಲ, ಕೆಳಗಿನವನಿಗೆ ತಡೆಯಲಾಗದ ಹಕ್ಕೂ ಇಲ್ಲ, ಇಬ್ಬರ ಅಗತ್ಯವನ್ನೂ ತೂಗಿ ನ್ಯಾಯವಾಗಿ ಹಂಚಬೇಕು ಎಂಬ ಅವರ ಆಯೋಗದ ತತ್ತ್ವ ಮುಂದೆ ಕಾವೇರಿಯ ವಾದವಿವಾದಗಳವರೆಗೂ ಬಂತು. ಹೇಮಾವತಿಯ ದಡದವರಾದ ನಮಗೆ ಅದು ಅಪರಿಚಿತವಲ್ಲ. ಇನ್ನೊಂದು, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷತೆ. ಅಲ್ಲಿ ಹಂಚಬೇಕಾಗಿದ್ದುದು ಅಣ್ಣತಂಗಿಯರ ನಡುವೆ.

ಈ ಸಮಿತಿಯ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. 1937ರಲ್ಲಿ ಕೇಂದ್ರ ಶಾಸನಸಭೆ ವಿಧವೆಯರಿಗೆ ಆಸ್ತಿಯಲ್ಲಿ ಸೀಮಿತ ಹಕ್ಕು ಕೊಡುವ ಕಾಯ್ದೆ ಮಾಡಿತು. ಅದರಲ್ಲಿ ಮಗಳ ಹೆಸರಿರಲಿಲ್ಲ. ಅಲ್ಲದೆ, 1935ರ ಕಾಯ್ದೆಯಂತೆ ಕೃಷಿ ಭೂಮಿಯ ಉತ್ತರಾಧಿಕಾರ ಪ್ರಾಂತ್ಯಗಳ ವಿಷಯವಾದ್ದರಿಂದ ಈ ಕಾಯ್ದೆ ಹೊಲಗದ್ದೆಗಳನ್ನು ಮುಟ್ಟುವುದಿಲ್ಲವೆಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿತು. ಹೊಲವನ್ನು ಬಿಟ್ಟು ಹೆಣ್ಣಿಗೆ ಆಸ್ತಿ ಕೊಡುವುದೆಂದರೆ ಈ ದೇಶದಲ್ಲಿ ಎಷ್ಟು ಕೊಟ್ಟಂತಾಯಿತು?

ನಮ್ಮ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಮುಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಜಾರಿಗೆ ಬಂತು. ಹಾಸನ ಜಿಲ್ಲೆಗೂ ಅದು ಅನ್ವಯಿಸಿತು. ಪಾಲುಪಟ್ಟಿ ಆಗುವಾಗ ಮದುವೆಯಾಗದ ಮಗಳಿಗೆ ಸಹೋದರನ ಪಾಲಿನ ಕಾಲು ಭಾಗ ಕೊಡಬೇಕೆಂದು ಅದು ವಿಧಿಸಿತು. ಆ ಕಾಲು ಭಾಗ ಎಲ್ಲಿಂದಲೋ ತಂದದ್ದಲ್ಲ. ಮನು, ಯಾಜ್ಞವಲ್ಕ್ಯರ ಸ್ಮೃತಿಗಳಲ್ಲೇ ಅವಿವಾಹಿತ ಸಹೋದರಿಗೆ ನಾಲ್ಕನೇ ಒಂದು ಅಂಶ ಕೊಡಬೇಕೆಂಬ ವಿಧಿಯಿದೆ. ಸ್ಮೃತಿಯಲ್ಲಿದ್ದು ಆಚರಣೆಯಲ್ಲಿ ಮದುವೆಯ ಖರ್ಚಾಗಿ ಕರಗಿಹೋದದ್ದನ್ನು ಮೈಸೂರು ಮತ್ತೆ ಆಸ್ತಿಯ ರೂಪಕ್ಕೆ ತಂದಿತು.

ರಾಯರ ದಾರಿಯೂ ಇದೇ ಜಾಡಿನದು, ಆದರೆ ಇನ್ನೂ ದೂರ ಹೋಗುವಂಥದು. ಹಿಂದೂ ಕಾನೂನೆಂದರೆ ಒಂದು ಗ್ರಂಥವಲ್ಲ. ಮಿತಾಕ್ಷರ, ದಾಯಭಾಗ ಮುಂತಾದ ಪರಂಪರೆಗಳು, ನೂರಾರು ರೂಢಿಗಳು, ಅವುಗಳ ಮೇಲೆ ಇಂಗ್ಲಿಷ್ ನ್ಯಾಯಾಧೀಶರು ಕೊಟ್ಟ ತೀರ್ಪುಗಳು. ಈ ಪರಂಪರೆಗಳಲ್ಲಿ ಎಲ್ಲೆಲ್ಲಿ ಉದಾರವಾದ ಅಂಶವಿದೆಯೋ ಅದನ್ನು ಆಯ್ದು ಒಂದು ಸಂಹಿತೆಯಾಗಿ ಹೆಣೆಯಬೇಕೆಂಬುದು ಸಮಿತಿಯ ನಿಲುವಾಗಿತ್ತು. ಧರ್ಮಶಾಸ್ತ್ರವನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆಯುವ ಧೈರ್ಯ ಅವರಿಗಿರಲಿಲ್ಲವೆಂದು ಕೆಲವರು ಟೀಕಿಸುತ್ತಾರೆ. ನಾನು ಒಪ್ಪುವುದಿಲ್ಲ. ಜನ ತಮ್ಮದೆಂದು ಗುರುತಿಸದ ಕಾನೂನು ಗೆಜೆಟ್ಟಿನಲ್ಲೇ ಉಳಿಯುತ್ತದೆಂಬುದನ್ನು ಜಿಲ್ಲಾ ನ್ಯಾಯಾಲಯಗಳಲ್ಲಿ ಕುಳಿತಿದ್ದ ಅವರು ಬಲ್ಲವರಾಗಿದ್ದರು.

1944ರಲ್ಲಿ ಸಮಿತಿ ಪುನರ್ರಚನೆಯಾಯಿತು. ದ್ವಾರಕಾನಾಥ ಮಿತ್ತರ್, ಪುಣೆಯ ಘಾರ್ಪುರೆ, ಮದರಾಸಿನ ಟಿ.ಆರ್. ವೆಂಕಟರಾಮ ಶಾಸ್ತ್ರಿಗಳು ಸದಸ್ಯರು. ಕರಡು ಸಂಹಿತೆ ಭಾರತೀಯ ಭಾಷೆಗಳಿಗೆ ಅನುವಾದಗೊಂಡಿತು. 1945ರ ಆರಂಭದಲ್ಲಿ ಸಮಿತಿ ಊರೂರು ಸುತ್ತಿ ಪಂಡಿತರು, ವಕೀಲರು, ಮಹಿಳಾ ಸಂಘಟನೆಗಳವರು, ಸನಾತನಿಗಳು ಎಲ್ಲರ ಸಾಕ್ಷ್ಯ ಕೇಳಿತು. ವಿರೋಧ ತೀವ್ರವಾಗಿತ್ತು. ಚುನಾಯಿತವಲ್ಲದ ಸಮಿತಿಗೆ ಧರ್ಮವನ್ನು ತಿದ್ದುವ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಬಂತು. ಅದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಸ್ವತಃ ಮಿತ್ತರ್ ಅವರು ಕೊನೆಗೆ ಭಿನ್ನಮತ ಬರೆದು, ಬಂದ ಅಭಿಪ್ರಾಯಗಳಲ್ಲಿ ಹೆಚ್ಚಿನವು ಸಂಹಿತೆಗೆ ವಿರುದ್ಧವೆಂದು ಎಣಿಸಿ ತೋರಿಸಿದರು. ರಾಯರೂ ಉಳಿದಿಬ್ಬರೂ ಈ ತಲೆಯೆಣಿಕೆಯನ್ನು ಅಂತಿಮವೆಂದು ಒಪ್ಪದೆ 1947ರಲ್ಲಿ ವರದಿ ಕೊಟ್ಟರು. ಸಾಕ್ಷ್ಯ ಹೇಳಲು ಬಂದವರಲ್ಲಿ ಪಾಲು ಕಳೆದುಕೊಳ್ಳುವವರು ಎಷ್ಟು, ಪಾಲು ಪಡೆಯುವವರು ಎಷ್ಟು ಎಂಬುದನ್ನೂ ಎಣಿಸಬೇಕಿತ್ತಲ್ಲವೇ ಎಂದು ನನಗೆ ಅನ್ನಿಸುತ್ತದೆ.

ಚನ್ನರಾಯಪಟ್ಟಣದಲ್ಲಿದ್ದಾಗ ಶ್ರವಣಬೆಳಗೊಳದ ಭಂಡಾರಿ ಬಸದಿಯ 1368ರ ಶಾಸನವನ್ನು ಎಷ್ಟೋ ಸಲ ನೋಡಿದ್ದೇನೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಮಾನ ಕೊಟ್ಟ. ಜೈನರ ಮನೆಗೊಂದು ಹಣದಂತೆ ವರ್ಷವರ್ಷವೂ ಎತ್ತಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ವೈಷ್ಣವರೇ ಇರಿಸಬೇಕೆಂದು ವ್ಯವಸ್ಥೆ ಮಾಡಿದ. ಉಳಿದ ಹಣ ಜೀರ್ಣ ಜಿನಾಲಯಗಳ ದುರಸ್ತಿಗೆ. ಆಡಳಿತಗಾರನ ಕಣ್ಣಿಗೆ ಬಲು ಅಚ್ಚುಕಟ್ಟಾದ ಆದೇಶ. ಆದರೆ ಅರಸನಿಗೆ ಒಂದು ದಿನದಲ್ಲಿ ಸಾಧ್ಯವಾದದ್ದು ರಾಯರ ಕಾಲಕ್ಕೆ ಸಾಧ್ಯವಿರಲಿಲ್ಲ. ಇಲ್ಲಿ ಅರಸನ ಜಾಗದಲ್ಲಿ ಶಾಸನಸಭೆಯಿತ್ತು. ಅದರಲ್ಲಿ ಅಣ್ಣಂದಿರೇ ತುಂಬಿದ್ದರು.

ರಾಯರ ಕರಡಿನಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಇದನ್ನು ಓದಿ ಮೊದಲು ನನಗೂ ನಿರಾಶೆಯಾಯಿತು. 1956ರ ಕಾಯ್ದೆ ಸಮಪಾಲು ಕೊಟ್ಟಿತಲ್ಲ ಎನ್ನಿಸಿತು. ಆಮೇಲೆ ಕಾಗದ ಪೆನ್ಸಿಲು ಹಿಡಿದು ಕುಳಿತೆ. ತಾಯಿ ಮೊದಲೇ ತೀರಿಕೊಂಡ ಒಂದು ಮನೆಯಲ್ಲಿ ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆನ್ನಿ; ಪಿತ್ರಾರ್ಜಿತ ಜಮೀನು. 1956ರ ಕಾಯ್ದೆ ಗಂಡುಮಕ್ಕಳ ಜನ್ಮಸಿದ್ಧ ಹಕ್ಕನ್ನು ಹಾಗೆಯೇ ಉಳಿಸಿತು. ಆದ್ದರಿಂದ ಮೊದಲು ಜಮೀನು ತಂದೆಗೂ ಇಬ್ಬರು ಮಕ್ಕಳಿಗೂ ಮೂರು ಭಾಗವಾಗುತ್ತದೆ. ತಂದೆ ಸತ್ತಾಗ ಅವನ ಮೂರನೇ ಒಂದು ಭಾಗ ಮಾತ್ರ ಮೂವರು ಮಕ್ಕಳಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಮಗಳಿಗೆ ಸಿಕ್ಕಿದ್ದು ಒಂಬತ್ತರಲ್ಲಿ ಒಂದು, ಒಬ್ಬೊಬ್ಬ ಮಗನಿಗೆ ಒಂಬತ್ತರಲ್ಲಿ ನಾಲ್ಕು. ಇದಕ್ಕೆ ಸಮಪಾಲೆಂದು ಹೆಸರು. ರಾಯರ ಸಮಿತಿ ಜನ್ಮಸಿದ್ಧ ಹಕ್ಕನ್ನೇ ತೆಗೆದುಹಾಕಲು ಹೇಳಿತ್ತು. ಆಗ ಇಡೀ ಜಮೀನು ಎರಡು, ಎರಡು, ಒಂದರಂತೆ ಹಂಚಿಕೆಯಾಗಿ ಮಗಳಿಗೆ ಐದರಲ್ಲಿ ಒಂದು ಸಿಗುತ್ತಿತ್ತು. ರಾಯರ ಅರ್ಧ ಸಂಸತ್ತಿನ ಸಮಾನಕ್ಕಿಂತ ದೊಡ್ಡದು. ಮೈಸೂರಿನ 1933ರ ಕಾಲು ಭಾಗದ ಲೆಕ್ಕದಲ್ಲೂ, ಇಬ್ಬರು ಅಣ್ಣಂದಿರು ಪಾಲಾಗುವಾಗ ಮದುವೆಯಾಗದ ತಂಗಿಗೆ ಬರುತ್ತಿದ್ದುದು ಒಂಬತ್ತರಲ್ಲಿ ಒಂದೇ.

1944ರಲ್ಲಿ ಸೇವೆಯಿಂದ ನಿವೃತ್ತರಾದ ರಾಯರು ಕೆಲಕಾಲ ಜಮ್ಮು-ಕಾಶ್ಮೀರದ ಪ್ರಧಾನ ಮಂತ್ರಿಯಾಗಿದ್ದು 1945ರಲ್ಲಿ ಆ ಹುದ್ದೆ ಬಿಟ್ಟರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಆ ಕೆಲಸಕ್ಕೆ ಅವರು ವೇತನ ತೆಗೆದುಕೊಳ್ಳಲಿಲ್ಲ. 1947ರ ಅಕ್ಟೋಬರಿನಲ್ಲಿ ಅವರ ಕರಡು ಸಿದ್ಧವಾಯಿತು. ಅಂಬೇಡ್ಕರರ ಕರಡು ಸಮಿತಿ ಅದನ್ನು ಆಧಾರವಾಗಿಟ್ಟುಕೊಂಡು ಬೆಳೆಸಿ, ಸಭೆ ವರ್ಷಗಟ್ಟಲೆ ಚರ್ಚಿಸಿ, 395 ವಿಧಿಗಳ ಸಂವಿಧಾನವಾಯಿತು. ನ್ಯಾಯಾಲಯದ ಮೂಲಕ ಕೇಳಬಹುದಾದ ಹಕ್ಕು ಬೇರೆ, ಸರ್ಕಾರಕ್ಕೆ ದಾರಿ ತೋರುವ ತತ್ತ್ವ ಬೇರೆ ಎಂದು ಐರ್ಲೆಂಡಿನ ಮಾದರಿಯಲ್ಲಿ ವಿಂಗಡಿಸಲು ಸೂಚಿಸಿದವರಲ್ಲಿ ರಾಯರು ಮುಖ್ಯರು. ಏಕರೂಪ ನಾಗರಿಕ ಸಂಹಿತೆಯ ಮಾತು ಎರಡನೆಯ ಗುಂಪಿಗೆ ಸೇರಿತು. ಇದಕ್ಕಿಂತ ಕಡಿಮೆ ಗಮನಕ್ಕೆ ಬಂದ, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಮಹತ್ವದ ಬದಲಾವಣೆ ಏಳನೇ ಅನುಸೂಚಿಯಲ್ಲಿದೆ. ಉತ್ತರಾಧಿಕಾರದ ವಿಷಯ ಸಮವರ್ತಿ ಪಟ್ಟಿಯಲ್ಲಿ ಉಳಿಯಿತು, ಕೃಷಿ ಭೂಮಿಯನ್ನು ಹೊರತುಪಡಿಸಿ ಎಂಬ 1935ರ ಮಾತು ಬಿದ್ದುಹೋಯಿತು. ಹೊಳೆನರಸೀಪುರದ ಗದ್ದೆಗೂ ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೂ ದಿಲ್ಲಿಯ ಕಾನೂನು ಮುಟ್ಟುವಂತಾದದ್ದು ಹೀಗೆ.

ಆ ವರ್ಷದ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋಗಿಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಯಹೂದಿ ವಲಸಿಗರ ಮಗ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಜನಪ್ರತಿನಿಧಿಗಳು ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ರದ್ದುಪಡಿಸುವ ಅವಕಾಶ ವಿಸ್ತಾರವಾಗಬಾರದೆಂದು ಅವರು ಕೊಟ್ಟ ಸಲಹೆ ರಾಯರ ಮೇಲೆ ಪ್ರಭಾವ ಬೀರಿತು. ನಮ್ಮ 21ನೇ ವಿಧಿಯ ಮಾತುಗಳು ಅದರ ಫಲ.

ಫ್ರಾಂಕ್‌ಫರ್ಟರರ ಜನಾಂಗದವರೇ ಕಟ್ಟಿದ ಇಸ್ರೇಲ್ ಅದೇ ವರ್ಷಗಳಲ್ಲಿ ಅದೇ ಸಮಸ್ಯೆಯನ್ನು ಎದುರಿಸಿತು. ತೋರಾ ಇರುವಾಗ ಬೇರೆ ಸಂವಿಧಾನವೇಕೆಂದು ಧಾರ್ಮಿಕ ಪಕ್ಷಗಳು ಕೇಳಿದವು. 1950ರಲ್ಲಿ ಅಲ್ಲಿನ ಸಂಸತ್ತು ಲಿಖಿತ ಸಂವಿಧಾನವನ್ನು ಮುಂದೂಡಿ, ಅಧ್ಯಾಯ ಅಧ್ಯಾಯವಾಗಿ ಬರೆಯೋಣವೆಂದಿತು. 1953ರಲ್ಲಿ ಯಹೂದಿಗಳ ವಿವಾಹ ವಿಚ್ಛೇದನಗಳು ಪೂರ್ಣವಾಗಿ ಧರ್ಮಗುರುಗಳ ನ್ಯಾಯಾಲಯಗಳಿಗೆ ಹೋದವು. ಗಂಡ ತಾನಾಗಿ ಬಿಡುಗಡೆಯ ಪತ್ರ ಕೊಡದೆ ಹೆಂಡತಿಗೆ ವಿಚ್ಛೇದನವಿಲ್ಲ ಎಂಬ ಹಳೆಯ ನಿಯಮ ಇಂದಿಗೂ ಅಲ್ಲಿ ಸ್ತ್ರೀಯರನ್ನು ಕಾಡುತ್ತಿದೆ. ಆದರೆ ಆಸ್ತಿಯ ವಿಷಯದಲ್ಲಿ ಅವರು ಬೇರೆ ದಾರಿ ಹಿಡಿದರು. ಗಂಡುಮಕ್ಕಳಿಲ್ಲದಿದ್ದರೆ ಮಾತ್ರ ಹೆಣ್ಣುಮಕ್ಕಳಿಗೆ ಪಾಲು ಎಂಬುದು ಯಹೂದಿ ಧರ್ಮಶಾಸ್ತ್ರದ ವಿಧಿ. 1965ರ ಉತ್ತರಾಧಿಕಾರ ಕಾನೂನು ಅದನ್ನು ಬದಿಗಿರಿಸಿ ಮಗ ಮಗಳಿಗೆ ಸಮಪಾಲು ಕೊಟ್ಟಿತು. ನಾವು ಮಾಡಿದ್ದು ಇದರ ತಿರುವುಮುರುವು. ಸಂಸ್ಕಾರವೆಂದು ಪೂಜಿಸುವ ಮದುವೆಯನ್ನು 1955ರಲ್ಲೇ ತಿದ್ದಿದೆವು, ವಿಚ್ಛೇದನ ತಂದೆವು. ಹೊಲವನ್ನು ಮಾತ್ರ ಮುಟ್ಟಲಾರದೆ ಐವತ್ತು ವರ್ಷ ಕಳೆದೆವು. ನಮ್ಮ ನಿಜವಾದ ಶ್ರದ್ಧೆ ಎಲ್ಲಿತ್ತೆಂಬುದು ಇದರಿಂದ ತಿಳಿಯುತ್ತದೆ.

ರಾಯರ ಸಮಿತಿಯ ಕರಡನ್ನು ಅಂಬೇಡ್ಕರರು ಪರಿಷ್ಕರಿಸಿ ಮಗಳ ಪಾಲನ್ನು ಮಗನ ಪಾಲಿಗೆ ಸಮನಾಗಿಸಿ ಮುಂದೊಯ್ದರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು 1951ರಲ್ಲಿ ಈ ಮಸೂದೆಯ ಬಗ್ಗೆ ತಮ್ಮ ಸ್ವಂತ ವಿವೇಚನೆಯಂತೆ ನಡೆಯುವ ಇಂಗಿತ ವ್ಯಕ್ತಪಡಿಸಿದಾಗ ನೆಹರೂ ಕಾನೂನು ತಜ್ಞರನ್ನು ಕೇಳಿದರು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಬದ್ಧರೆಂದು ಸೆತಲ್ವಾಡ್, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅಭಿಪ್ರಾಯ ಕೊಟ್ಟರು. ಆದರೂ ಮಸೂದೆ ಆ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಅಂಬೇಡ್ಕರರು ರಾಜೀನಾಮೆ ಕೊಟ್ಟರು. ಮೊದಲ ಮಹಾಚುನಾವಣೆಯ ಬಳಿಕ ಅದೇ ಸಂಹಿತೆ ನಾಲ್ಕು ತುಂಡುಗಳಾಗಿ 1955-56ರಲ್ಲಿ ಕಾನೂನಾಯಿತು. ಜೈನ, ಬೌದ್ಧ, ಸಿಖ್ಖರಿಗೂ ಅನ್ವಯಿಸಿತು.

ರಾಯರು ಆ ಹೊತ್ತಿಗೆ ಇರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಲಿಯ ಅಧ್ಯಕ್ಷರಾಗಿದ್ದು, 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಹನ್ನೆರಡು ವರ್ಷ ಹಿಂದೆ ಆರಂಭಿಸಿದ ಸಂಹಿತೆಯ ಒಂದು ತುಂಡೂ ಅವರ ಕಣ್ಣೆದುರು ಕಾನೂನಾಗಲಿಲ್ಲ.

ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕು ಕೊಟ್ಟಿತು. ಆದರೆ ಆ ದಿನಕ್ಕೆ ಮೊದಲು ಮದುವೆಯಾದವರಿಗೆ ಇಲ್ಲ. ಒಂದೇ ಮನೆಯ ಅಕ್ಕತಂಗಿಯರು, ಒಬ್ಬಳಿಗೆ ಬೇಸಿಗೆಯಲ್ಲಿ ಮದುವೆ, ಇನ್ನೊಬ್ಬಳಿಗೆ ಮರುವರ್ಷ. ಒಬ್ಬಳು ಹಕ್ಕುದಾರಳು, ಇನ್ನೊಬ್ಬಳು ಅಲ್ಲ. ಇದನ್ನು ಅವರಿಗೆ ವಿವರಿಸುವುದು ನಮ್ಮ ಪಾಲಿಗೆ ಬಂತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ತಂದೆ ಆ ದಿನ ಬದುಕಿರಬೇಕೇ ಎಂಬ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು, ಬದುಕಿರಬೇಕಿಲ್ಲ. ಕರ್ನಾಟಕ, ಮಹಾರಾಷ್ಟ್ರಗಳ 1994ರ ತಿದ್ದುಪಡಿಗಳ ಪರಿಣಾಮವನ್ನು ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ: ಹೆಣ್ಣುಮಕ್ಕಳಿಗೆ ಭೂಮಿ ಸಿಗುವ ಸಾಧ್ಯತೆ ಹೆಚ್ಚಿತು, ಓದು ಹೆಚ್ಚಿತು, ಮದುವೆಯ ವಯಸ್ಸು ಮೇಲೇರಿತು; ಆದರೆ ಗಂಡು ಹೆಣ್ಣಿನ ಅಂತರ ಮುಚ್ಚಲಿಲ್ಲ.

ನನ್ನ ಸ್ವಂತ ವಿಷಯ ಹೇಳದೆ ಇದನ್ನೆಲ್ಲ ಬರೆಯುವುದು ಸರಿಯಲ್ಲ. ನಮ್ಮ ಜಮೀನು ಹೊಳೆನರಸೀಪುರ ತಾಲ್ಲೂಕಿನಲ್ಲಿದೆ. ತಂದೆ 1996ರಲ್ಲಿ ತೀರಿಕೊಂಡರು. ತಾಯಿ ಮೊದಲೇ ಹೋಗಿದ್ದರು. ನಾವಿಬ್ಬರು ಗಂಡುಮಕ್ಕಳು, ಒಬ್ಬಳು ಅಕ್ಕ. ಮೇಲಿನ ಲೆಕ್ಕ ಯಾವ ಮನೆಯದೆಂದು ಓದುಗರಿಗೆ ಈಗ ಹೊಳೆದಿರಬೇಕು. ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿದ್ದ ಅಕ್ಕನನ್ನು ಮರುವರ್ಷ ನಾನೇ ಕರೆತಂದೆ. ಒಂಬತ್ತರಲ್ಲಿ ಒಂದು ಎಂದು ಅವಳಿಗೆ ಹೇಳಲೂ ಇಲ್ಲ. ಒಂದು ಸೀರೆ, ಹತ್ತು ಸಾವಿರ ರೂಪಾಯಿ ಕೊಟ್ಟು ಬಿಡುಗಡೆ ಪತ್ರಕ್ಕೆ ರುಜು ಪಡೆದು, ಪಾಲುಪಟ್ಟಿ ನೋಂದಣಿ ಮಾಡಿಸಿದೆವು. ಅವಳು ಹೈಸ್ಕೂಲು ಓದಿದವಳು. ಪತ್ರವನ್ನು ಓದದೆ ರುಜು ಹಾಕಿದಳು, ನಾನು ಓದಿದ್ದೇನೆಂಬ ನಂಬಿಕೆಯಿಂದ.

2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿಗಳಿಗೆ 2005ರ ತಿದ್ದುಪಡಿ ತಟ್ಟುವುದಿಲ್ಲ. ಈ ದಿನಾಂಕವನ್ನು ಎಷ್ಟೋ ಜನ ಅಣ್ಣಂದಿರಿಗೆ ನಾನು ಬಾಯಿಪಾಠ ಒಪ್ಪಿಸಿದ್ದೇನೆ. ಈಗ ಅದು ನನ್ನನ್ನೇ ಕಾಯುತ್ತಿದೆ. ಕೋರ್ಟಿಗೆ ಹೋದರೆ ಅಕ್ಕ ಸೋಲುತ್ತಾಳೆ.

ಕಳೆದ ವರ್ಷ ನಾಲೆಯ ಪಕ್ಕದ ಎರಡು ಎಕರೆ ಮಾರುವ ಮಾತು ಬಂದಾಗ ಮೂರು ಪಾಲು ಮಾಡೋಣವೆಂದು ತಮ್ಮನಿಗೆ ಹೇಳಿದೆ. ಕಾನೂನು ಕೇಳದ್ದನ್ನು ಕೊಡುವ ಅಗತ್ಯವೇನೆಂದು ಅವನ ಪ್ರಶ್ನೆ. ಮದುವೆಗೆ ಮಾಡಿದ ಖರ್ಚಿನ ಪಟ್ಟಿ ಅವನ ಬಳಿ ಇದೆ. ಅಕ್ಕನಿಗೆ ವಿಷಯ ತಿಳಿಸಿದಾಗ ಅವಳು ಮೊದಲು ವಿಚಾರಿಸಿದ್ದು ತಮ್ಮನಿಗೆ ಬೇಸರವಾಯಿತೇ ಎಂದು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಯಾವ ಎರಡು ಎಕರೆ, ಹೊಂಗೆ ಮರ ಇರುವುದೇ ಎಂದು ಕೇಳಿದಳು. ನನ್ನ ಪಾಲಿನಿಂದ ಅವಳಿಗೆ ದಾನಪತ್ರ ಬರೆಸಿದ್ದೇನೆ. ತಮ್ಮನ ಒಪ್ಪಿಗೆಗಾಗಿ ಕಾದಿರುವುದರಿಂದ ಅದು ಇನ್ನೂ ನೋಂದಣಿಯಾಗಿಲ್ಲ.